ಇಲ್ಲಿ ಸೋರಿ, ಅಲ್ಲಿ ಸಾರಿ

ಕೆನಡಾದವರು ‘ಸಾರಿ’ ಅನ್ನುವುದಿಲ್ಲ, ‘ಸೋರಿ’ ಅನ್ನುತ್ತಾರೆ. ಒಂದು ದಿನ ಟೊರಾಂಟೊದ ಅಂಗಡಿಯಲ್ಲಿ ಬಿಲ್ಲಿಗೆ ನಿಂತಿದ್ದಾಗ ಕೋಲಾರದಿಂದ ಅಮ್ಮ ವಿಡಿಯೋ ಕಾಲ್ ಮಾಡಿದಳು. ಹಿಂದೆ ಮುಂದೆ ಎಲ್ಲ ಸೋರಿ, ಸೋರಿ. “ಏನೋ ಅದು, ಅಷ್ಟೊಂದು ಸೋರ್ತಾ ಇರೋದು? ಮಳೆನಾ?” ಅಂದಳು.

ಮಳೆಗಿಂತ ಜಾಸ್ತಿನೇ ಸುರಿಯುತ್ತದೆ ಈ ಪದ. ದಾರಿ ಬಿಡಿ ಅನ್ನುವುದಕ್ಕೆ ಸೋರಿ. ದಾರಿ ಬಿಟ್ಟವರೂ ಸೋರಿ. ನೀವು ಅವರ ಕಾಲು ತುಳಿದರೂ ಸೋರಿ ಅನ್ನುವುದು ಅವರೇ. ಡಿಪೋಗೆ ವಾಪಸ್ ಹೋಗುವ ಖಾಲಿ ಬಸ್ಸಿನ ಬೋರ್ಡಿನ ಮೇಲೂ ‘ಸಾರಿ, ನಾಟ್ ಇನ್ ಸರ್ವಿಸ್’ ಅಂತ ಬರುತ್ತದೆ. ನಮ್ಮ ಕಡೆ ಖಾಲಿ ಬಸ್ಸು ಧೂಳು ಎಬ್ಬಿಸಿಕೊಂಡು ಹೋಗುತ್ತದೆ, ಅಷ್ಟೇ.

ಕೊನೆಯಲ್ಲಿ ದನಿ ಏರಿದರೆ ‘ಏನಂದ್ರಿ, ಕೇಳಿಸಲಿಲ್ಲ’ ಅಂತ ಅರ್ಥ. ಸೋರಿ ಆದಮೇಲೆ ‘ಬಟ್’ ಬಂತೋ, ಹುಷಾರು. ಮೀಟಿಂಗಿನಲ್ಲಿ ಯಾರಾದರೂ ‘ಸೋರಿ, ಬಟ್’ ಅಂತ ಶುರು ಮಾಡಿದರೆ ನಿಮ್ಮ ಐಡಿಯಾ ಕಸದ ಬುಟ್ಟಿಗೆ ಹೊರಟಿತು ಅಂತಲೇ ಲೆಕ್ಕ. ಯಾರೋ ತೀರಿಹೋದರೂ ಇದೇ ಪದ. ನಾವಾದರೆ ಸಾವಿನ ಮನೆಗೆ ಹೋಗಿ ಸ್ವಲ್ಪ ಹೊತ್ತು ಕೂತು ಎದ್ದು ಬರುತ್ತೇವೆ. ಇಲ್ಲಿ ಏನಾದರೂ ಬಾಯಿಬಿಟ್ಟು ಹೇಳಲೇಬೇಕು.

ಹೋದ ಸಲ ರಜಕ್ಕೆ ಬಂದಾಗ ಚಿಕ್ಕಪ್ಪನ ಜೊತೆ ಕೋಲಾರದ ಟೊಮೆಟೊ ಮಂಡಿಗೆ ಹೋಗಿದ್ದೆ. 15 ಕೆಜಿಯ ಕ್ರೇಟುಗಳನ್ನು ಆಳೆತ್ತರ ಜೋಡಿಸಿದ್ದರು. ಕೆಳಗೆ ಜಜ್ಜಿಹೋದ ಹಣ್ಣು, ಕಾಲಿಟ್ಟರೆ ಜಾರುತ್ತದೆ. ಹಮಾಲಿಯೊಬ್ಬ ಕ್ರೇಟು ಹೊತ್ತು ಬರುತ್ತಾ ನನ್ನ ಭುಜಕ್ಕೆ ಗುದ್ದಿದ. ‘ಸಾರಿ’ ಅಂದಿದ್ದು ನಾನು. ಅವನು ನಿಂತು ನನ್ನ ಮುಖ ನೋಡಿದ. ಚಿಕ್ಕಪ್ಪ ತೋಳು ಹಿಡಿದು ಎಳೆದರು. “ಸುಮ್ಕಿರೋ. ಹಂಗೆಲ್ಲ ಅಂದ್ರೆ ನೀನೇ ಏನೋ ಮಾಡಿದ್ಯ ಅನ್ಕೋತಾರೆ.”

ಅವರು ಹೇಳಿದ್ದು ಸರಿ. ಕ್ಲಾಕ್ ಟವರ್ ಹತ್ತಿರ ಎರಡು ಬೈಕು ತಗುಲಿದರೆ ನೋಡಿ. ಮೊದಲು ಸಾರಿ ಅಂದವನು ಕೆಟ್ಟ. ಒಡೆದ ಇಂಡಿಕೇಟರಿನ ದುಡ್ಡು ಅವನ ತಲೆಗೇ. ಅದಕ್ಕೇ ಇಬ್ಬರೂ “ಕಣ್ ಕಾಣಲ್ವಾ?” ಅಂತಲೇ ಶುರು ಮಾಡುವುದು. ಅದೇ ಜನ ಬಸ್ಸಿನಲ್ಲಿ ಪಕ್ಕದವರಿಗೆ ಕಾಲು ತಾಗಿದರೆ ತಕ್ಷಣ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಒಂದು ಮಾತೂ ಬೇಕಿಲ್ಲ.

ತಮಾಷೆ ಅಂದರೆ, ಈ ಭಯ ಕೆನಡಾದವರಿಗೂ ಇತ್ತು. ಸೋರಿ ಅಂದುಬಿಟ್ಟರೆ ನಾಳೆ ಕೋರ್ಟಿನಲ್ಲಿ ‘ನೋಡಿ, ಅವತ್ತೇ ತಪ್ಪೊಪ್ಪಿಕೊಂಡಿದ್ದಾರೆ’ ಅಂದರೆ? ಅದಕ್ಕಾಗಿ ಒಂಟಾರಿಯೊ ಪ್ರಾಂತ್ಯ 2009ರಲ್ಲಿ ‘ಅಪಾಲಜಿ ಆಕ್ಟ್’ ಅಂತ ಕಾನೂನನ್ನೇ ಮಾಡಿತು. ಬ್ರಿಟಿಷ್ ಕೊಲಂಬಿಯಾ 2006ರಲ್ಲೇ ಮಾಡಿತ್ತು. ಸಾರಿ ಅಂದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡ ಹಾಗಲ್ಲ, ಪರಿಹಾರದ ಕೇಸಿನಲ್ಲಿ ಅದನ್ನು ಸಾಕ್ಷಿ ಮಾಡುವ ಹಾಗಿಲ್ಲ ಅನ್ನುತ್ತದೆ ಕಾನೂನು. ಆಪರೇಷನ್ ಎಡವಟ್ಟಾದರೆ ಡಾಕ್ಟರು ಮನೆಯವರ ಮುಂದೆ ಧೈರ್ಯವಾಗಿ ಸಾರಿ ಕೇಳಬಹುದು. ಒಂಟಾರಿಯೊದಲ್ಲಿ ಕ್ರಿಮಿನಲ್ ಕೇಸಿಗೆ, ಟ್ರಾಫಿಕ್ ಕೇಸಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಪೊಲೀಸರ ಮುಂದೆ ಬಾಯಿ ಮೇಲೆ ಹಿಡಿತ ಇರಲಿ.

ಮಂಡಿಯಿಂದ ಬರುವಾಗ ಟೀ ಅಂಗಡಿಯಲ್ಲಿ ಇದನ್ನೆಲ್ಲ ಹೇಳಿದೆ. ಚಿಕ್ಕಪ್ಪನಿಗೆ ನಂಬಿಕೆ ಬರಲಿಲ್ಲ. “ಮಾತುಮಾತಿಗೂ ಅನ್ನೋರು, ನಿಜವಾಗ್ಲೂ ಅನ್ಬೇಕಾದಾಗ ಅಂತಾರಾ?”

ಕೊಮಗಾಟ ಮಾರು ಕತೆ ಹೇಳಿದೆ. 1914ರಲ್ಲಿ ಆ ಹಡಗು 376 ಜನರನ್ನು ಹೊತ್ತು ವ್ಯಾಂಕೂವರ್‌ಗೆ ಬಂತು. ಹೆಚ್ಚಿನವರು ಪಂಜಾಬಿನ ಸಿಖ್ಖರು. ಬೆರಳೆಣಿಕೆಯಷ್ಟು ಜನರನ್ನು ಬಿಟ್ಟರೆ ಉಳಿದವರನ್ನು ಇಳಿಯಲು ಬಿಡಲಿಲ್ಲ. ಎರಡು ತಿಂಗಳು ನೀರಿನ ಮೇಲೇ ನಿಲ್ಲಿಸಿ ವಾಪಸ್ ಅಟ್ಟಿದರು. ಕಲ್ಕತ್ತಾ ಹತ್ತಿರದ ಬಜ್ ಬಜ್‌ನಲ್ಲಿ ಇಳಿದವರ ಮೇಲೆ ಬ್ರಿಟಿಷರ ಕಡೆಯವರು ಗುಂಡು ಹಾರಿಸಿದರು, ಎಷ್ಟೋ ಜನ ಸತ್ತರು. ಅದಕ್ಕೆ ಕೆನಡಾದ ಪ್ರಧಾನಿ ಜಸ್ಟಿನ್ ಟ್ರೂಡೊ ಪಾರ್ಲಿಮೆಂಟಿನಲ್ಲಿ ನಿಂತು ಕ್ಷಮೆ ಕೇಳಿದ್ದು 2016ರ ಮೇ 18ರಂದು.

ಚಿಕ್ಕಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು. “ನೂರಾ ಎರಡು ವರ್ಷ! ಕೇಳಿಸ್ಕೊಳ್ಳೋಕೆ ಯಾರಿದ್ರು?”

“ಮಕ್ಕಳು ಮೊಮ್ಮಕ್ಕಳು ಬಂದು ಕೂತಿದ್ರು” ಅಂದೆ.

“ಹಂಗಾದ್ರೆ ಪರವಾಗಿಲ್ಲ” ಅಂದರು. ಆಮೇಲೆ, “ಆದ್ರೂ ತುಂಬಾ ಲೇಟು.”