ಈ ಹಾಡಿಗೆ ಯಾವ ಪಿಯಾನೊ?

ಮಾರ್ಚ್ 14, 2025, ಶುಕ್ರವಾರ

ಇವತ್ತು ಸಂಜೆಯೆಲ್ಲ ಪಿಯಾನೊ ಲೈಬ್ರರಿಗಳನ್ನು, ಅಂದರೆ ನಿಜವಾದ ಪಿಯಾನೊದ ಸ್ವರಗಳನ್ನು ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ನುಡಿಸಲು ಕೊಡುವ ಸಂಗ್ರಹಗಳನ್ನು, ಕೇಳುವುದರಲ್ಲೇ ಹೋಯಿತು. ಈಗ ಕೈಯಲ್ಲಿರುವ ಹಾಡಿನಲ್ಲಿ ಇರುವುದು ಒಂದು ಹೆಣ್ಣು ದನಿ, ಪಿಯಾನೊ, ಕೊನೆಯ ಚರಣಕ್ಕೆ ಸ್ವಲ್ಪ ಸ್ಟ್ರಿಂಗ್ಸ್ (ಪಿಟೀಲಿನಂಥ ತಂತಿವಾದ್ಯಗಳು). ಅಷ್ಟೇ. ಪಿಯಾನೊ ಸಪ್ಪೆಯಾದರೆ ಅದನ್ನು ಮರೆಸೋದಕ್ಕೆ ಬೇರೆ ವಾದ್ಯವೇ ಇಲ್ಲ.

ಶುರು ಮಾಡುವ ಮೊದಲು ಕೀಬೋರ್ಡಿನ ವೆಲಾಸಿಟಿ ಕರ್ವ್ ಸರಿ ಮಾಡಿಕೊಂಡೆ. ಕೀ ಒತ್ತಿದ ಬಲ 1ರಿಂದ 127ರೊಳಗೆ ಯಾವ ಅಂಕಿಯಾಗಬೇಕು ಅಂತ ಹೇಳುವುದು ಇದೇ. ಮೆಲ್ಲಗೆ ಒತ್ತಿದರೂ 70, 80 ಬರುತ್ತಿದ್ದರೆ ಎಷ್ಟು ಒಳ್ಳೆಯ ಲೈಬ್ರರಿಯಾದರೂ ಅದರ ಮೃದುವಾದ ದನಿ ನಮಗೆ ಕೇಳಿಸುವುದೇ ಇಲ್ಲ.

ಮೊದಲು ಹಾಕಿದ್ದು ಸಲಮಾಂಡರ್. ಯಮಹಾ ಸಿ5 ಗ್ರ್ಯಾಂಡ್ ಪಿಯಾನೊದ ದನಿ, ಉಚಿತ. ಎಲ್ಲ 88 ಕೀಗಳನ್ನೂ ಇದರಲ್ಲಿ ರೆಕಾರ್ಡ್ ಮಾಡಿಲ್ಲ. ಮೂರು ಸೆಮಿಟೋನಿಗೊಂದು, ಅಂದರೆ ಮೂರು ಕೀಗೊಂದು ಸ್ವರ ಹಿಡಿದು, ನಡುವಿನವನ್ನು ಪಿಚ್ ಬದಲಿಸಿ ತುಂಬಿದ್ದಾರೆ. ಆದರೆ ಹಿಡಿದ ಪ್ರತಿ ಸ್ವರಕ್ಕೂ 16 ವೆಲಾಸಿಟಿ ಲೇಯರ್, ಅಂದರೆ ಮೆಲ್ಲಗಿನಿಂದ ಜೋರಿನವರೆಗೆ ಬೇರೆ ಬೇರೆ ಬಲದಲ್ಲಿ ಒತ್ತಿ ಮಾಡಿದ 16 ರೆಕಾರ್ಡಿಂಗ್ ಇವೆ.

ನನಗೆ ಮುಖ್ಯ ಅನಿಸೋದು ಈ ಲೇಯರ್‌ಗಳೇ. ನಿಜವಾದ ಪಿಯಾನೊದಲ್ಲಿ ಜೋರಾಗಿ ನುಡಿಸಿದರೆ ಸದ್ದು ಮಾತ್ರ ಹೆಚ್ಚುವುದಿಲ್ಲ. ಸುತ್ತಿಗೆಯ ಫೆಲ್ಟ್ (ಮೆತ್ತನೆಯ ಉಣ್ಣೆಯ ಹೊದಿಕೆ) ಬಿಗಿಯಾಗಿ ತಂತಿಗೆ ಬಡಿಯುತ್ತದೆ, ನಾದದ ಬಣ್ಣವೇ ಬದಲಾಗುತ್ತದೆ. ಜೋರಾಗಿ ನುಡಿಸಿ ರೆಕಾರ್ಡ್ ಮಾಡಿದ ಸ್ಯಾಂಪಲ್‌ನ ವಾಲ್ಯೂಮ್ ಇಳಿಸಿದರೆ ಅದು ಮೆಲುದನಿ ಆಗಲ್ಲ, ದೂರದಿಂದ ಕೇಳುವ ಜೋರುದನಿ ಆಗುತ್ತದೆ. ಹಾಗಾಗಿ ನಾನು ಒಂದೇ ಕೀಯನ್ನು ಅತಿ ಮೆಲ್ಲಗಿನಿಂದ ಶುರುಮಾಡಿ ಬಲ ಹೆಚ್ಚಿಸುತ್ತಾ ಒತ್ತುತ್ತೇನೆ. ಬಣ್ಣ ಎಲ್ಲಾದರೂ ದಿಢೀರನೆ ಜಿಗಿದರೆ ಕಿವಿಗೆ ಗೊತ್ತಾಗುತ್ತದೆ. ಆಮೇಲೆ ಕೀ ಬಿಟ್ಟು ಸ್ವರ ಹೇಗೆ ಮುಗಿಯುತ್ತದೆ ಅಂತ ಕೇಳುತ್ತೇನೆ. ಕಂಪನ ನಿಲ್ಲಿಸುವ ಡ್ಯಾಂಪರ್ ತಂತಿಯ ಮೇಲೆ ಕೂರುವ ಆ ಸಣ್ಣ ಸದ್ದು ಇಲ್ಲದಿದ್ದರೆ ಸ್ವರ ಕತ್ತರಿಸಿದ ಹಾಗಿರುತ್ತದೆ. ನಿಧಾನ ಗತಿಯ ಹಾಡಿನಲ್ಲಿ ಇದು ಎದ್ದು ಕಾಣುತ್ತದೆ.

ಸಲಮಾಂಡರ್ ಇದರಲ್ಲಿ ಚೆನ್ನಾಗಿಯೇ ನಿಂತಿತು. ಆದರೆ ಹಾಡಿನ ಜೊತೆ ಸ್ವಲ್ಪ ಜಾಸ್ತಿ ಹೊಳಪು. ಗಾಯಕಿಯ ಸಕಾರ, ತಕಾರಗಳು ಬರುವ ಜಾಗದಲ್ಲೇ ಪಿಯಾನೊವೂ ಮಿನುಗುತ್ತಿತ್ತು.

ಆಮೇಲೆ ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ನೊಯರ್ ಎಂಬ ಲೈಬ್ರರಿ. ಇದು ಜರ್ಮನಿಯ ಪಿಯಾನೊ ವಾದಕ, ಸಂಯೋಜಕ ನಿಲ್ಸ್ ಫ್ರಾಮ್ ಅವರ ಯಮಹಾ ಸಿಎಫ್‌ಎಕ್ಸ್, ಬರ್ಲಿನ್ನಿನ ಹಳೆಯ ರೇಡಿಯೊ ಕಟ್ಟಡ ಫುಂಕ್‌ಹೌಸ್‌ನಲ್ಲಿ ರೆಕಾರ್ಡ್ ಮಾಡಿದ್ದು. ಇದರಲ್ಲಿ ಎರಡು ರೂಪಗಳಿವೆ: ಒಂದು ಪಿಯಾನೊ ಇದ್ದ ಹಾಗೆಯೇ, ಇನ್ನೊಂದು ಸುತ್ತಿಗೆಗೂ ತಂತಿಗೂ ನಡುವೆ ಫೆಲ್ಟ್ ಪಟ್ಟಿ ಇಟ್ಟದ್ದು. ಒಂಟಿಯಾಗಿ ಕೇಳಿದಾಗ ಮೊದಲನೆಯದು ಎಷ್ಟು ಸುಂದರ! ದನಿಯ ಕೆಳಗೆ ಇಟ್ಟಾಗ ಮಾತ್ರ ಫೆಲ್ಟ್ ಗೆದ್ದಿತು. ಮೇಲಿನ ಆವರ್ತನಗಳು ಕಡಿಮೆಯಾದ್ದರಿಂದ ಸಾಹಿತ್ಯದ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿತು. 300 ಹರ್ಟ್ಜ್ ಸುತ್ತ ಸ್ವಲ್ಪ ಕಿಕ್ಕಿರಿದಿತ್ತು, ಈಕ್ಯೂನಲ್ಲಿ (ಬೇಕಾದ ಆವರ್ತನವನ್ನು ಮಾತ್ರ ಏರಿಸುವ, ಇಳಿಸುವ ಸಾಧನ) ಇಳಿಸಿದೆ.

ಮೊನೊ ಮಾಡಿ, ಅಂದರೆ ಎಡ ಬಲ ಎರಡನ್ನೂ ಒಂದಾಗಿ ಕೂಡಿಸಿ ಕೇಳುವುದನ್ನೂ ಬಿಡಬಾರದು. ಎಷ್ಟೋ ಲೈಬ್ರರಿಗಳಲ್ಲಿ ಮಂದ್ರ ಸ್ವರ ಪೂರ್ತಿ ಎಡಕ್ಕೆ, ತಾರ ಸ್ವರ ಪೂರ್ತಿ ಬಲಕ್ಕೆ ಇರುತ್ತದೆ. ಹೆಡ್‌ಫೋನಿನಲ್ಲಿ ಭವ್ಯವಾಗಿ ಕೇಳುತ್ತದೆ. ಒಂದೇ ಸ್ಪೀಕರಿನ ಫೋನಿನಲ್ಲಿ ಎರಡೂ ಕೂಡಿದಾಗ ಕೆಲವು ಸ್ವರ ಸೊರಗಿಹೋಗುತ್ತವೆ. ಹಾಡು ಕೇಳುವ ಎಷ್ಟೋ ಜನ ಫೋನಿನಲ್ಲೇ ಕೇಳುತ್ತಾರೆ, ಅಲ್ವಾ? ಸ್ಟೀರಿಯೊ ಅಗಲವನ್ನು ಅರ್ಧಕ್ಕೆ ತಂದೆ.

ಸದ್ಯಕ್ಕೆ ಫೆಲ್ಟ್ ಅಂತ ತೀರ್ಮಾನ. ನುಡಿಸಿದ್ದೆಲ್ಲ ಮಿಡಿಯಲ್ಲೇ ಇದೆ, ಅಂದರೆ ದನಿಯಾಗಿ ಅಲ್ಲ, ಯಾವ ಕೀ ಯಾವಾಗ ಎಷ್ಟು ಬಲದಿಂದ ಒತ್ತಿದೆ ಎಂಬ ಮಾಹಿತಿಯಾಗಿ; ಹಾಗಾಗಿ ಪಿಯಾನೊ ಆಮೇಲೂ ಬದಲಿಸಬಹುದು. ಕೊನೆಯ ಚರಣದಲ್ಲಿ ಸ್ಟ್ರಿಂಗ್ಸ್ ಬಂದ ಮೇಲೆ ಫೆಲ್ಟ್ ಮುಳುಗಿದರೆ, ಅಲ್ಲಿಗೆ ಮಾತ್ರ ಸಲಮಾಂಡರ್ ಸೇರಿಸಿ ನೋಡಬೇಕು.