ಹೈ ಫ್ಲಕ್ಸ್ ಬಂತು, ನೀರು ಮಾತ್ರ ಅದೇ

ನಮ್ಮ ಡಯಾಲಿಸಿಸ್ ಯೂನಿಟ್‌ನಲ್ಲಿ ಎರಡನೇ ಶಿಫ್ಟ್‌ನ ರೋಗಿಗಳನ್ನು ಮಷೀನ್‌ಗೆ ಹಾಕಿ ಇನ್ನೂ ಒಂದು ಗಂಟೆ ಆಗಿರಲಿಲ್ಲ. ಮೂಲೆ ಬೆಡ್‌ನ ಅಜ್ಜನಿಗೆ ಹಲ್ಲು ಕಟಕಟ ಅನ್ನುವಷ್ಟು ಚಳಿ ಹಿಡಿಯಿತು. ಕಂಬಳಿ ಹೊದಿಸಿದರೂ ಮಂಚ ಅಲುಗಾಡುತ್ತಿತ್ತು. ಇಂಥ ಹೊತ್ತಲ್ಲಿ ಎಲ್ಲರಿಗೂ ಮೊದಲು ಕ್ಯಾತಿಟರ್ ಮೇಲೆ, ಅಂದರೆ ರಕ್ತನಾಳದೊಳಗೆ ಇಟ್ಟ, ಸೋಂಕು ತಗಲುವ ಕೊಳವೆಯ ಮೇಲೆ ಅನುಮಾನ. ಆದರೆ ಅಜ್ಜನದು ಫಿಸ್ಟುಲಾ (ಕೈಯ ರಕ್ತನಾಳಗಳನ್ನೇ ಜೋಡಿಸಿ ಮಾಡಿದ ದಾರಿ), ಚೆನ್ನಾಗಿ ಓಡುವ ಫಿಸ್ಟುಲಾ. ಸಿಸ್ಟರ್ ಅವಿಲ್ ಇಂಜೆಕ್ಷನ್ ಕೊಟ್ಟರು. ನಾನು ಯುಎಫ್ (ಮೈಯಿಂದ ನೀರು ತೆಗೆಯುವುದು) ನಿಲ್ಲಿಸಿ ರಕ್ತದ ಪಂಪ್‌ನ ವೇಗ ಇಳಿಸಿದೆ. ಕಲ್ಚರ್‌ಗೆ ರಕ್ತ ತೆಗೆಯುತ್ತಿದ್ದಾಗಲೇ ಎದುರು ಬೆಡ್‌ನ ಅಮ್ಮ, "ಯಾಕೋ ನಂಗೂ ಚಳಿ ಆಗ್ತಿದೆ ಕಣಪ್ಪಾ" ಅಂದರು.

ನನ್ನ ಎದೆ ಧಸಕ್ಕೆಂದಿತು. ಒಬ್ಬರಿಗಾದರೆ ರೋಗಿಯ ಕಡೆ ನೋಡಬೇಕು. ಒಟ್ಟಿಗೆ ಇಬ್ಬರಿಗಾದರೆ ಎಲ್ಲ ಮಷೀನ್‌ಗೂ ಹೋಗುವ ನೀರಿನ ಕಡೆ ನೋಡಬೇಕು. ಡಾಕ್ಟರ್ ಬಂದವರೇ ಇಬ್ಬರನ್ನೂ ಮಷೀನ್‌ನಿಂದ ಬಿಡಿಸಿದರು.

ಇಬ್ಬರೂ ಆಗಷ್ಟೇ ಹೈ ಫ್ಲಕ್ಸ್ ಡಯಾಲೈಜರ್‌ಗೆ, ಅಂದರೆ ರಕ್ತ ಸೋಸುವ ಹೊಸ ಫಿಲ್ಟರ್‌ಗೆ ಬಂದವರು. ಹಳೆಯ ಲೋ ಫ್ಲಕ್ಸ್ ಫಿಲ್ಟರ್‌ನ ಬೆಡ್‌ಗಳಲ್ಲಿ ಯಾರಿಗೂ ಏನೂ ಆಗಿರಲಿಲ್ಲ.

ಹೈ ಫ್ಲಕ್ಸ್ ಪೊರೆಯ ರಂಧ್ರ ದೊಡ್ಡದು. ಬೀಟಾ 2 ಮೈಕ್ರೋಗ್ಲೋಬ್ಯುಲಿನ್‌ನಂಥ, ಸುಮಾರು 11,800 ಡಾಲ್ಟನ್ ತೂಕದ ಕೊಳೆಯೂ ಅದರಲ್ಲಿ ಹೊರಗೆ ಹೋಗುತ್ತದೆ. ಅದು ನಿಜಕ್ಕೂ ಒಳ್ಳೆಯದು. ಆದರೆ ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ, ಅಲ್ವಾ? ಡಯಾಲೈಜರ್‌ನ ಒಂದು ತುದಿಯಲ್ಲಿ ಡಯಾಲಿಸೇಟ್‌ನ (ಪೊರೆಯ ಆಚೆ ಹರಿಯುವ, ಆ ನೀರಿನಿಂದಲೇ ಮಾಡಿದ ದ್ರವ) ಒತ್ತಡವೇ ಜಾಸ್ತಿಯಾಗಿ ದ್ರವ ರಕ್ತದೊಳಗೆ ಹಿಂದಕ್ಕೆ ನುಗ್ಗಬಹುದು. ನೀರಲ್ಲಿ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಎಂಬ ವಿಷದ ಚೂರುಗಳಿದ್ದರೆ ಅವೂ ಜೊತೆಗೆ ಬರುತ್ತವೆ. ನಿಮಿಷಕ್ಕೆ 500 ಎಂಎಲ್ ಅಂದರೆ 4 ಗಂಟೆಗೆ 120 ಲೀಟರ್ ದ್ರವ. ಅಷ್ಟನ್ನೂ ರಕ್ತದಿಂದ ಬೇರೆ ಇಡುವುದು ಆ ತೆಳು ಪೊರೆ ಒಂದೇ.

ಚಳಿ ನಡುಕ ಬಂದರೆ ಕನಿಷ್ಠ ನಮಗೆ ಗೊತ್ತಾಗುತ್ತದೆ. ನನಗೆ ಭಯ ನಡುಕ ಬರದಷ್ಟು ಸಣ್ಣ ಪ್ರಮಾಣದ್ದು. ವಾರಕ್ಕೆ 3 ಸಲ ಸ್ವಲ್ಪ ಸ್ವಲ್ಪವೇ ಒಳಗೆ ಹೋಗಿ ಬಿಳಿ ರಕ್ತಕಣಗಳನ್ನು ಕೆರಳಿಸುತ್ತದೆ. ಉರಿಯೂತ ತೋರಿಸುವ ಐಎಲ್ 6, ಸಿಆರ್‌ಪಿ ಏರುತ್ತವೆ, ಆಲ್ಬುಮಿನ್ ಇಳಿಯುತ್ತದೆ, ರಕ್ತ ಹೆಚ್ಚಿಸಲು ಕೊಡುವ ಎರಿಥ್ರೋಪೊಯೆಟಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಸುಣ್ಣ ಕಟ್ಟಿ ಮೊದಲೇ ಗಟ್ಟಿಯಾಗುತ್ತಿರುವ ರಕ್ತನಾಳಗಳಿಗೆ ಈ ಉರಿಯೂತ ಇನ್ನಷ್ಟು ಪೆಟ್ಟು. ಡಯಾಲಿಸಿಸ್ ರೋಗಿಗಳ ಜೀವ ಹೆಚ್ಚಾಗಿ ತೆಗೆಯುವುದೇ ಹೃದಯ, ರಕ್ತನಾಳದ ಕಾಯಿಲೆ.

ಹೈ ಫ್ಲಕ್ಸ್ ಒಳ್ಳೆಯದು ಎನ್ನಲು ಡಯಾಲೈಜರ್ ಕಂಪನಿಯವರು 2023ರ ಕಾನ್ವಿನ್ಸ್ ಅಧ್ಯಯನ ತೋರಿಸುತ್ತಾರೆ. ಅದು ಹೀಮೋಡಯಾಫಿಲ್ಟ್ರೇಷನ್‌ನದು, ಅಂದರೆ ದ್ರವವನ್ನು ನೇರ ರಕ್ತಕ್ಕೇ ಸೇರಿಸಿ ಸೋಸುವ ಬೇರೆ ವಿಧಾನದ್ದು. ಅದಕ್ಕೆ ಅಲ್ಟ್ರಾಪ್ಯೂರ್ ದ್ರವ ಬೇಕೇ ಬೇಕು, ಅಂದರೆ ಎಂಡೋಟಾಕ್ಸಿನ್ ಎಂಎಲ್‌ಗೆ 0.03 ಯೂನಿಟ್‌ಗಿಂತ ಕಡಿಮೆ ಇರಬೇಕು. ನಮ್ಮ ಆಡಳಿತದವರು ಹೇಳುವುದು, "ಆರ್‌ಓ ನೀರಿನ ಟಿಡಿಎಸ್ ಸರಿಯಾಗೇ ಇದೆಯಲ್ಲ?" ಟಿಡಿಎಸ್ ಮೀಟರ್ ಉಪ್ಪು ಅಳೆಯುತ್ತದೆ, ಎಂಡೋಟಾಕ್ಸಿನ್ ಅಳೆಯುವುದಿಲ್ಲ. ಎಂಡೋಟಾಕ್ಸಿನ್ ಅಳೆಯಲು ಎಲ್‌ಎಎಲ್ ಎಂಬ ಬೇರೆ ಟೆಸ್ಟ್ ಮಾಡಿಸಬೇಕು. ಲೂಪ್ (ಮಷೀನ್‌ಗಳಿಗೆ ನೀರು ಒಯ್ಯುವ ಪೈಪ್) ಡಿಸ್‌ಇನ್ಫೆಕ್ಷನ್ ಬಗ್ಗೆ ನಾವು ಮೊದಲಿಂದ ಕೇಳುತ್ತಲೇ ಇದ್ದೆವು. ದುಡ್ಡು ಮಾತ್ರ ಡಯಾಲೈಜರ್‌ಗೆ ಹೋಯಿತು.

ಈಗ ಲೂಪ್ ತೊಳೆಸಿದ್ದೇವೆ. ಪ್ರತಿ ಮಷೀನ್‌ಗೂ ಎಂಡೋಟಾಕ್ಸಿನ್ ಫಿಲ್ಟರ್ ಬೇಕೆಂದು ಇಂಡೆಂಟ್ ಕೊಟ್ಟಿದ್ದೇವೆ. ಅದು ಬರುವ ತನಕ ಹೈ ಫ್ಲಕ್ಸ್ ಹಾಕಬೇಡಿ ಎಂದು ಡಾಕ್ಟರ್ ಲಾಗ್ ಬುಕ್‌ನಲ್ಲೇ ಬರೆದು ಸಹಿ ಮಾಡಿದ್ದಾರೆ.