ಥಾರ್ ಬಾಡಿಗೆ ಹಿಡಿದು ಸಕಲೇಶಪುರಕ್ಕೆ ಹೊರಡುವವರಿಗೆ

ಬೆಂಗಳೂರಿನಿಂದ ಮಹೀಂದ್ರಾ ಕಂಪನಿಯ ಜೀಪಿನಂಥ ಗಾಡಿ ಥಾರ್ ಬಾಡಿಗೆಗೆ ತಗೊಂಡು ಸಕಲೇಶಪುರದ ಕಡೆ ಹೋಗುವ ಯೋಚನೆ ಇದ್ದರೆ ಮೊದಲು ಕರಾರಿನ ಸಣ್ಣ ಅಕ್ಷರ ಓದಿ. ನಮಗೆ ಕೊಟ್ಟ ಕರಾರಿನಲ್ಲಿ ಒಂದು ಸಾಲಿತ್ತು: ಡಾಂಬರು ರಸ್ತೆ ಬಿಟ್ಟು ಬೇರೆಲ್ಲೂ ಗಾಡಿ ಓಡಿಸುವಂತಿಲ್ಲ. ಓಡಿಸಿ ಏನಾದರೂ ಆದರೆ ವಿಮೆಯೂ ಇಲ್ಲ, ಡೆಪಾಸಿಟ್ಟೂ ಇಲ್ಲ. ಕೆಸರು ಮೆತ್ತಿದ ಚಕ್ರದ ಫೋಟೊ ಹಾಕಿ, ಮಾಮೂಲಿ ಕಾರಿಗಿಂತ ಜಾಸ್ತಿ ಬಾಡಿಗೆ ತಗೊಂಡು, ಕೊನೆಗೆ ಕೆಸರಿಗೆ ಇಳಿಸಬೇಡಿ ಅಂತಾರೆ! ಕೌಂಟರಿನ ಹುಡುಗನನ್ನು ಕೇಳಿದ್ದಕ್ಕೆ ನಕ್ಕ. "ಎಲ್ರೂ ಇಳಿಸ್ತಾರೆ ಸರ್, ಗೀಚು ಬೀಳದ ಹಾಗೆ ನೋಡ್ಕೊಳ್ಳಿ" ಅಂದ. ಆ ಮಾತನ್ನು ಬರೆದು ಕೊಡಪ್ಪ ಅಂದರೆ ಕೊಡಲಿಲ್ಲ.

ಎರಡನೇ ತಕರಾರೂ ಅಲ್ಲೇ. ನಾವು ಬುಕ್ ಮಾಡಿದ್ದು ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿ. ತಂದು ನಿಲ್ಲಿಸಿದ್ದು ಹಿಂದಿನ ಚಕ್ರ ಮಾತ್ರ ಎಳೆಯುವ ಥಾರ್. 2023ರ ಜನವರಿಯಿಂದ ಈ ಟೂ ವೀಲ್ ಡ್ರೈವ್ ಥಾರ್ ಕೂಡ ಮಾರಾಟದಲ್ಲಿದೆ. ಹೊರಗಿನಿಂದ ಅದೇ ಮುಖ, ಅದೇ ಎತ್ತರ. ಗುರುತು ಹಿಡಿಯುವುದು ಮಾತ್ರ ಸುಲಭ. ಗೇರಿನ ಪಕ್ಕ ಇನ್ನೊಂದು ಗಿಡ್ಡ ಲಿವರ್ ಇರಬೇಕು. ಅದರ ಮೇಲೆ 2ಎಚ್, 4ಎಚ್, ಎನ್, 4ಎಲ್ ಅಂತ ಬರೆದಿರುತ್ತದೆ. 2ಎಚ್ ಅಂದರೆ ಹಿಂದಿನ ಎರಡೇ ಚಕ್ರ, 4ಎಚ್ ಅಂದರೆ ನಾಲ್ಕೂ ಚಕ್ರ, ಎನ್ ಅಂದರೆ ನ್ಯೂಟ್ರಲ್, 4ಎಲ್ ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನ ಆದರೆ ಜಾಸ್ತಿ ಎಳೆತ. ಆ ಜಾಗದಲ್ಲಿ ಸುಮ್ನೆ ಸಾಮಾನು ಇಡುವ ಒಂದು ಕುಳಿ ಇದ್ದರೆ ಅದು ಎತ್ತರದ ಕಾರು, ಅಷ್ಟೇ. ಕೀಲಿ ಕೈಗೆ ತಗೊಳ್ಳುವ ಮೊದಲೇ ಇದನ್ನು ನೋಡಿ. ನಾವು ಅಲ್ಲೇ ಜಗಳ ಆಡಿ, ಕಾದು ಕೂತು, ಬೇರೆ ಗಾಡಿ ತರಿಸಿಕೊಂಡೆವು. ಪೆಟ್ರೋಲ್, ಆಟೋಮ್ಯಾಟಿಕ್, ಫೋರ್ ಬೈ ಫೋರ್. ನಂಬರ್ ಪ್ಲೇಟ್ ಕೂಡ ಗಮನಿಸಿ. ನೀವೇ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಪ್ಲೇಟಿನ ಗಾಡಿ ಕೊಟ್ಟರೆ ತಗೊಳ್ಳಲೇಬೇಡಿ. ದಾರಿಯಲ್ಲಿ ಹಿಡಿದರೆ ತಲೆನೋವು ನಿಮ್ಮದು, ಕೊಟ್ಟವನದಲ್ಲ.

ಊರಿನೊಳಗೆ ಈ ಗಾಡಿಯನ್ನು ಹೊಗಳಲೇಬೇಕು. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಿಂತಾಗ ಮುಂದಿನ ಹತ್ತು ಕಾರುಗಳ ತಲೆ ಮೇಲಿಂದ ರಸ್ತೆ ಕಾಣುತ್ತದೆ. ಬಿಳಿ ಪಟ್ಟಿ ಇಲ್ಲದ ಹಂಪ್, ಅರ್ಧ ಮುಚ್ಚಿದ ಗುಂಡಿ, ಜಲಮಂಡಳಿ ಅಗೆದು ಹೋದ ಹಳ್ಳ, ಯಾವುದಕ್ಕೂ ಹೊಟ್ಟೆ ತಾಗುವುದಿಲ್ಲ. ನೆಲದಿಂದ 226 ಮಿಲಿಮೀಟರ್ ಎತ್ತರ ಅಂದರೆ ಇದಕ್ಕೇ. 650 ಮಿಲಿಮೀಟರ್ ನೀರಿನಲ್ಲೂ ಹೋಗುತ್ತದೆ ಅಂತ ಕಂಪನಿ ಹೇಳುತ್ತದೆ. ಹಾಗಂತ ಮಳೆ ಬಂದಾಗ ಅಂಡರ್‌ಪಾಸಿಗೆ ನುಗ್ಗಬೇಡಿ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಬ್ಬ ಯುವತಿ ತೀರಿಕೊಂಡಿದ್ದು ನೆನಪಿದೆ ಅಲ್ವಾ? ನೀರು ಎಷ್ಟು ಆಳ ಅಂತ ಸೀಟಿನ ಮೇಲೆ ಕೂತವರಿಗೆ ಗೊತ್ತಾಗುವುದಿಲ್ಲ, ಗಾಡಿ ಎಷ್ಟೇ ಎತ್ತರ ಇರಲಿ.

ನೆಲಮಂಗಲ ದಾಟಿ ಹಾಸನದ ಹೆದ್ದಾರಿ ಹಿಡಿದ ಮೇಲೆ ಲೆಕ್ಕ ತಿರುಗಿತು. ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಎಲ್ಲ ಕಡೆ ನಾಲ್ಕು ಪಥದ ಒಳ್ಳೆ ರಸ್ತೆ. ಇಂಥ ರಸ್ತೆಯಲ್ಲಿ ಥಾರ್ ಓಡಿಸುವುದಕ್ಕೆ ಮಜಾ ಇಲ್ಲ. ಮುಂದಿನ ಗಾಜು ಗೋಡೆಯ ಹಾಗೆ ನೆಟ್ಟಗೆ ನಿಂತಿದೆ, ನೂರರ ಹತ್ತಿರ ಹೋದರೆ ಗಾಳಿಯ ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲ. ಏಣಿ ಥರದ ಉಕ್ಕಿನ ಚೌಕಟ್ಟಿನ ಮೇಲೆ ಮೈ ಕೂರಿಸಿದ ಗಾಡಿ, ಹಿಂದೆ ಎರಡೂ ಚಕ್ರ ಸೇರಿಸುವ ಗಟ್ಟಿ ಆಕ್ಸಲ್, ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ನಡುವೆ ಬರೀ 2,450 ಮಿಲಿಮೀಟರ್. ಸೇತುವೆಯ ಪ್ರತಿ ಜಾಯಿಂಟೂ ಸೊಂಟಕ್ಕೆ ಗೊತ್ತಾಗುತ್ತದೆ. ಪೆಟ್ರೋಲ್ ಎಂಜಿನ್ನಿಗೆ 150 ಕುದುರೆ ಬಲ, ಓವರ್‌ಟೇಕ್ ಮಾಡುವಾಗ ಖುಷಿ. ಆದರೆ ಲೀಟರಿಗೆ ಹತ್ತು ಕಿಲೋಮೀಟರ್ ಕೊಡಿಸುವುದಕ್ಕೂ ನಾನು ಕಾಲನ್ನು ಹಿಡಿತದಲ್ಲಿ ಇಟ್ಟುಕೊಳ್ಳಬೇಕಾಯಿತು. ಬೆಟ್ಟದಲ್ಲಿ ಆ ಹತ್ತು ಏಳಕ್ಕೆ ಇಳಿಯಿತು. ಪೆಟ್ರೋಲ್ ನೂರು ರೂಪಾಯಿ ದಾಟಿ ಎಷ್ಟು ಕಾಲ ಆಯಿತು, ನೀವೇ ಲೆಕ್ಕ ಹಾಕಿ. ಬೆಟ್ಟಕ್ಕೆ ಅಂತಲೇ ತಗೊಳ್ಳುವುದಾದರೆ ಡೀಸೆಲ್ ಕೇಳಿ.

ಹಿಂದೆ ಕೂತವರ ಕಷ್ಟ ಬೇರೆ. ಮೂರು ಬಾಗಿಲಿನ ಥಾರ್‌ಗೆ ನಾಲ್ಕೇ ಸೀಟು. ಹಿಂದಕ್ಕೆ ಹೋಗಬೇಕಾದರೆ ಮುಂದಿನ ಎಡ ಸೀಟು ಮಡಚಿ ಹತ್ತಬೇಕು. ಗಟ್ಟಿ ಮಾಡು ಇರುವ ಮಾದರಿಯಲ್ಲಿ ಹಿಂದಿನ ಕಿಟಕಿ ತೆಗೆಯುವುದಕ್ಕೆ ಬರುವುದಿಲ್ಲ. ನಮಗೆ ಸಿಕ್ಕ ಗಾಡಿಯಲ್ಲಿ ಹಿಂದೆ ಎಸಿ ಗಾಳಿಯೂ ಇರಲಿಲ್ಲ. 2025ರ ಅಕ್ಟೋಬರಿನಲ್ಲಿ ಬಂದ ಹೊಸ ರೂಪದಲ್ಲಿ ಅದನ್ನು ಕೊಟ್ಟಿದ್ದಾರೆ, ಬಾಡಿಗೆಗೆ ಸಿಗುವುದು ಬಹುಪಾಲು ಹಳೆಯದೇ. ಸಕಲೇಶಪುರ ದಾಟಿ ಹೆತ್ತೂರು ಕಡೆ ತಿರುವು ಶುರುವಾಗಿ ಹತ್ತು ನಿಮಿಷಕ್ಕೆ ತಮ್ಮನ ಮಗ ಬಿಳುಚಿಕೊಂಡ. ವಾಂತಿ ಬಂದರೆ ಥಟ್ಟನೆ ಬಾಗಿಲು ತೆಗೆದು ಇಳಿಯುವ ಹಾಗೂ ಇಲ್ಲ. ಮುಂದಿನವರು ಇಳಿದು, ಸೀಟು ಮಡಚಿ, ಆಮೇಲೆ ಹಿಂದಿನವರು. ಅಷ್ಟರಲ್ಲಿ ಆಗಬೇಕಾದ್ದು ಆಗಿರುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಐದು ಬಾಗಿಲಿನ ಥಾರ್ ರಾಕ್ಸ್ ನೋಡಿ. 2024ರ ಆಗಸ್ಟ್ 15ಕ್ಕೆ ಬಂತು. ಚಕ್ರಗಳ ಅಂತರ 2,850 ಮಿಲಿಮೀಟರ್ ಇರುವುದರಿಂದ ಕುಲುಕಾಟ ಕಡಿಮೆ. ಲಗೇಜಿನ ವಿಷಯ ಕೇಳಲೇಬೇಡಿ. ನಾಲ್ಕು ಜನ ಕೂತ ಮೇಲೆ ಉಳಿಯುವುದು ಎರಡು ಬ್ಯಾಗಿನ ಜಾಗ. ಮಿಕ್ಕಿದ್ದು ತೊಡೆ ಮೇಲೆ.

ಮಧ್ಯೆ, ಸಕಲೇಶಪುರಕ್ಕೆ ಮೊದಲೇ, ಬಾಳ್ಳುಪೇಟೆ ದಾಟಿದ ಮೇಲೆ ಎಡಕ್ಕೆ ಒಂದು ತಗಡಿನ ಮನೆ ಹೋಟೆಲ್. ಬೋರ್ಡ್ ಇಲ್ಲ, ಲಾರಿಗಳು ನಿಂತಿದ್ದವು ಅಂತ ನಿಲ್ಲಿಸಿದೆವು. ಈ ಪ್ರವಾಸದಲ್ಲಿ ಕೊಟ್ಟ ಕಾಸಿಗೆ ಮೋಸ ಇಲ್ಲ ಅನಿಸಿದ ಜಾಗ ಇದೊಂದೇ. ಒಳಗೆ ಎರಡು ಬೆಂಚು, ಸೌದೆ ಒಲೆ, ಒಲೆ ಮೇಲೆ ಹಬೆ ಪಾತ್ರೆ. ಅಕ್ಕಿ ತರಿಯ ಕಡುಬು, ಕೈಯಲ್ಲಿ ಉಂಡೆ ಕಟ್ಟಿದ್ದು, ಹಬೆಯಿಂದ ನೇರ ತಟ್ಟೆಗೆ. ಜೊತೆಗೆ ಕಾಯಿ ಚಟ್ನಿ ಮತ್ತು ಹಿಂದಿನ ರಾತ್ರಿಯ ಹುರುಳಿ ಸಾರು. ಹುರುಳಿ ಸಾರು ಹಿಂದಿನ ರಾತ್ರಿಯದೇ ಆಗಿರಬೇಕು, ಆವಾಗಲೇ ಅದಕ್ಕೆ ಆ ಹುಳಿ, ಆ ಗಟ್ಟಿತನ. ಕಡುಬನ್ನು ಮುರಿದು ಅದರಲ್ಲಿ ಅದ್ದಿ, ಮೇಲೆ ಒಂದು ಚಮಚ ಬೆಣ್ಣೆ. ನಾನು ಎರಡು ತಟ್ಟೆ ಮುಗಿಸಿ ಅಕ್ಕಿ ರೊಟ್ಟಿ ಕೇಳಿದೆ. ಹೆಂಚಿನ ಮೇಲೆ ತಟ್ಟಿ, ಅಂಚು ಕೆಂಪಗಾದ ಮೇಲೆ ಕೆಂಡಕ್ಕೆ ತೋರಿಸಿ ಉಬ್ಬಿಸಿ ಕೊಟ್ಟರು. ಬೆಲ್ಲದ ಕಾಫಿ. ಗಾಡಿ ನೋಡಿ ರೇಟು ಏರಿಸುತ್ತಾರೇನೋ ಅಂದುಕೊಂಡರೆ ನಾಲ್ಕು ಜನಕ್ಕೆ ಮುನ್ನೂರು ರೂಪಾಯಿ ಕೂಡ ಆಗಲಿಲ್ಲ. ಹೆದ್ದಾರಿಯ ದೊಡ್ಡ ಹೋಟೆಲಿನಲ್ಲಿ ಎರಡು ದೋಸೆ, ಎರಡು ಕಾಫಿಗೆ ಅಷ್ಟಾಗುತ್ತದೆ, ಜೊತೆಗೆ ಟೋಕನ್ ಹಿಡಿದು ಕ್ಯೂ. ಹತ್ತು ಗಂಟೆ ಒಳಗೆ ಹೋಗಿ, ಆಮೇಲೆ ಕಡುಬು ಖಾಲಿ. ಭಾನುವಾರ ಬಾಗಿಲು ಮುಚ್ಚಿರುತ್ತದೆ.

ಈಗ ಗಾಡಿ ನಿಜವಾಗಿ ಕೆಲಸಕ್ಕೆ ಬಂದ ಜಾಗ. ಹೋಂಸ್ಟೇ ಗೇಟಿನಿಂದ ಮನೆಯವರೆಗೆ ಕಾಫಿ ತೋಟದೊಳಗೆ ಎರಡು ಮೂರು ಕಿಲೋಮೀಟರ್ ದಾರಿ. ಬೋಳು ಕಲ್ಲು, ಕೆಂಪು ಮಣ್ಣು, ಮಧ್ಯದಲ್ಲಿ ಮಳೆ ನೀರು ಕೊರೆದ ಕಾಲುವೆ. ಮಳೆ ಬೀಳುತ್ತಿತ್ತು. 2ಎಚ್‌ನಲ್ಲಿ ಮೊದಲ ಏರಿಗೇ ಹಿಂದಿನ ಚಕ್ರ ಒಂದೇ ಸಮನೆ ತಿರುಗಿ ಬಾಲ ಪಕ್ಕಕ್ಕೆ ಸರಿಯಿತು. 4ಎಚ್ ಹಾಕಿದೆ, ಹತ್ತಿತು. ಇನ್ನೂ ಕಡಿದಾದ ಕಡೆ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, 4ಎಲ್. ಆಮೇಲೆ ಅದರ ಪಾಡಿಗೆ ಅದು ನಡೆಯಿತು, ಆಕ್ಸಿಲರೇಟರ್ ಮೇಲೆ ಕಾಲಿನ ಭಾರ ಬಿಟ್ಟರೆ ಸಾಕು.

ಹತ್ತುವುದನ್ನು ಎಲ್ಲರೂ ವಿಡಿಯೊ ಮಾಡುತ್ತಾರೆ. ಬಾಡಿಗೆಯ ದುಡ್ಡು ವಸೂಲಾಗಿದ್ದು ಇಳಿಯುವಾಗ. ಬೆಳಿಗ್ಗೆ ರಾತ್ರಿಯ ಮಳೆಗೆ ದಾರಿ ಸೋಪು ಹಚ್ಚಿದಂತಾಗಿತ್ತು. ಇಂಥ ಕಡೆ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ, ಜಾರುತ್ತದೆ. ನಾಲ್ಕು ಚಕ್ರಕ್ಕೆ ಶಕ್ತಿ ಹೋಗುವುದರಿಂದ ಬ್ರೇಕಿಗೆ ಏನೂ ಸಹಾಯ ಇಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸಹಾಯ ಮಾಡುವುದು 4ಎಲ್ ಮತ್ತು ಒಂದನೇ ಗೇರು. ಎಂಜಿನ್ನೇ ನಾಲ್ಕೂ ಚಕ್ರವನ್ನು ಹಿಡಿದುಕೊಳ್ಳುತ್ತದೆ. ಬ್ರೇಕಿನಿಂದ ಕಾಲು ತೆಗೆದು, ಸ್ಟೀರಿಂಗ್ ಮಾತ್ರ ನೋಡಿಕೊಂಡು, ನಡೆಯುವ ವೇಗದಲ್ಲಿ ಕೆಳಗೆ ಬಂದೆವು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಬಾಗಿಲಿನ ಹಿಡಿ ಬಿಟ್ಟಿದ್ದು ಗೇಟಿಗೆ ಬಂದ ಮೇಲೆ. ನಮ್ಮ ಮುಂದೆ ಒಂದು ಮಾಮೂಲಿ ಎಸ್‌ಯುವಿ, ನೋಡುವುದಕ್ಕೆ ಇದಕ್ಕಿಂತ ದೊಡ್ಡದು, ಕಾಲುವೆಗೆ ಒಂದು ಚಕ್ರ ಇಳಿಸಿಕೊಂಡು ನಿಂತಿತ್ತು. ತೋಟದ ಆಳುಗಳು ಕಲ್ಲು ಒಟ್ಟಿ ಎತ್ತಿಸಿದರು.

ಒಂದು ಎಚ್ಚರಿಕೆ. ಗಟ್ಟಿ ನೆಲಕ್ಕೆ ಬಂದ ಕೂಡಲೇ 2ಎಚ್‌ಗೆ ವಾಪಸ್ ಹಾಕಿ. ಥಾರ್‌ನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್, ಅಂದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗುವುದಕ್ಕೆ ಬಿಡುವ ಗೇರಿನ ಜೋಡಣೆ, ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಉದ್ದ ದಾರಿ ಸುತ್ತಬೇಕು. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ. ಕಾಂಕ್ರೀಟಿನಲ್ಲಿ ಜಾರುವುದಿಲ್ಲ, ಒತ್ತಡವೆಲ್ಲ ಗೇರಿನ ಹಲ್ಲಿನ ಮೇಲೆ ಬೀಳುತ್ತದೆ. ಕಾಫಿ ಒಣಗಿಸುವ ಕಣದಲ್ಲಿ 4ಎಚ್‌ನಲ್ಲೇ ಗಾಡಿ ತಿರುಗಿಸುತ್ತಿದ್ದ ಒಬ್ಬರನ್ನು ನೋಡಿದೆ, ಗಾಡಿ ಕುಂಟುತ್ತಾ ಕಟಕಟ ಅನ್ನುತ್ತಿತ್ತು. ಅವರು ಸೈಲೆನ್ಸರ್ ನೋಡುತ್ತಿದ್ದರು.

ಹೋಂಸ್ಟೇ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಲೆಗೆ ಮೂರು ಸಾವಿರ, ಬಿಸಿನೀರು ಬೆಳಿಗ್ಗೆ ಏಳರಿಂದ ಎಂಟು. ಊಟ ಪರವಾಗಿಲ್ಲ. ಬೆಟ್ಟಕ್ಕೆ ಹೋಗುವುದಕ್ಕೆ ಅವರ ಜೀಪ್ ಬೇರೆ, ಎರಡೂವರೆ ಸಾವಿರ. ನಮ್ಮದೇ ಫೋರ್ ಬೈ ಫೋರ್ ಇದೆಯಲ್ಲ ಅಂದರೆ, ಹೊರಗಿನ ಗಾಡಿ ಬಿಡುವುದಿಲ್ಲ ಅಂದರು. ಸಿಟ್ಟು ಬಂತು. ಹೋಗಿ ನೋಡಿದ ಮೇಲೆ ಅವರು ಹೇಳಿದ್ದರಲ್ಲೂ ನ್ಯಾಯ ಇದೆ ಅನಿಸಿತು. ಒಂದು ಗಾಡಿಯ ಅಗಲದ ದಾರಿ, ಎದುರಿಗೆ ಬಂದರೆ ಯಾರೋ ಒಬ್ಬರು ಹಿಂದಕ್ಕೆ ಹೋಗಬೇಕು. ಡ್ರೈವರ್ ಹುಡುಗ ಹಳೇ ಜೀಪನ್ನು ಒಂದೇ ಕೈಯಲ್ಲಿ ತಿರುವಿನ ಅಂಚಿಗೆ ಹಿಂದೆ ಸರಿಸುತ್ತಿದ್ದ. ನಾನಾಗಿದ್ದರೆ ಇಳಿದು ನಡೆಯುತ್ತಿದ್ದೆ. ಇನ್ನು ಗೂಗಲ್ ಮ್ಯಾಪಿನಲ್ಲಿ ದಾರಿ ಕಾಣುತ್ತದೆ ಅಂತ ಹುಲ್ಲುಗಾವಲಿಗೆ, ಮೀಸಲು ಅರಣ್ಯಕ್ಕೆ ಗಾಡಿ ನುಗ್ಗಿಸುವವರಿದ್ದಾರೆ. ಅನುಮತಿ ಇಲ್ಲದೆ ಹೋದರೆ ಕೇಸು ಬೀಳುತ್ತದೆ, ಬೀಳಲೂಬೇಕು. ಚಕ್ರದ ಗೆರೆಯಲ್ಲೇ ಮುಂದಿನ ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ.

ಶನಿವಾರದ ಮಂಜರಾಬಾದ್ ಕೋಟೆ ನನ್ನಂಥವರಿಗಲ್ಲ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರ. ಒಳಗೆ ನಿಂತರೆ ನಕ್ಷತ್ರ ಕಾಣುವುದಿಲ್ಲ, ಜನ ಕಾಣುತ್ತಾರೆ. ಕೆಳಗೆ ರಸ್ತೆ ಬದಿಯಲ್ಲಿ ಬೆಂಗಳೂರಿನ ಥಾರ್‌ಗಳದೇ ಸಾಲು, ಎಲ್ಲದರಲ್ಲೂ ಹಾಡು. ಗಲಾಟೆ ಇಷ್ಟಪಡುವವರು ಹೋಗಿ, ನಿಮ್ಮ ವಯಸ್ಸಿನವರು ಸಿಗುತ್ತಾರೆ. ನಾನು ಮಂಗಳವಾರ ಬುಧವಾರ ಹೋಗಿ ಅನ್ನುತ್ತೇನೆ.

ಕೊಂಡುಕೊಳ್ಳುವ ಯೋಚನೆ ಇರುವ ತಮ್ಮ ವಾಪಸ್ ಬರುವಾಗ ದಾರಿಯುದ್ದಕ್ಕೂ ನನ್ನನ್ನು ಕೇಳುತ್ತಿದ್ದ. ನಾನು ಹೇಳಿದ್ದು ಇಷ್ಟು. ಕರ್ನಾಟಕದಲ್ಲಿ 10 ಲಕ್ಷದಿಂದ 20 ಲಕ್ಷದ ಕಾರಿಗೆ ರಸ್ತೆ ತೆರಿಗೆ ಶೇ 17, ಅದರ ಮೇಲೆ ಸೆಸ್. ವರ್ಷಕ್ಕೊಮ್ಮೆ ಬೇಕಾಗುವ 4ಎಲ್‌ಗೆ ದಿನಾ ಮಾಗಡಿ ರೋಡಿನಲ್ಲಿ ಪೆಟ್ರೋಲ್ ಸುರಿಯುವುದು ಯಾಕೆ? ತೋಟ ಇದ್ದವರು, ಊರಿನ ಮನೆಗೆ ಮಣ್ಣು ದಾರಿ ಇದ್ದವರು ಕಣ್ಣುಮುಚ್ಚಿ ತಗೊಳ್ಳಲಿ. ಬರೀ ಮಲೆನಾಡು ಸುತ್ತುವುದಕ್ಕಾದರೆ ಮಾರುತಿಯ ಚಿಕ್ಕ ಫೋರ್ ಬೈ ಫೋರ್ ಜಿಮ್ನಿ ಕೂಡ ಓಡಿಸಿ ನೋಡು ಅಂದೆ. ಅದರ ಅಗಲ 1,645 ಮಿಲಿಮೀಟರ್, ತೋಟದ ದಾರಿಯಲ್ಲೂ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಕಂಬಗಳ ಮಧ್ಯೆಯೂ ನಿರಾಳ. ಆದರೆ ಎಂಜಿನ್ 105 ಕುದುರೆ ಬಲದ್ದು, ನಾಲ್ಕು ಜನ ಕೂತು ಘಾಟಿ ಹತ್ತಿದರೆ ಏದುಸಿರು ಬಿಡುತ್ತದೆ. ತಮ್ಮನಿಗೆ ಇದ್ಯಾವುದೂ ಕೇಳಿಸಿದ ಹಾಗಿರಲಿಲ್ಲ, ಅವನು ಬಣ್ಣ ನೋಡುತ್ತಿದ್ದ.

ಗಾಡಿಯೇ ಬೇಡ ಅನ್ನುವವರಿಗೂ ದಾರಿ ಇದೆ. ಸಕಲೇಶಪುರಕ್ಕೆ ರೈಲಿದೆ, ಕೇಳಿದರೆ ಹೋಂಸ್ಟೇ ಜೀಪ್ ಸ್ಟೇಷನ್ನಿಗೆ ಬರುತ್ತದೆ. ಕೆಟ್ಟ ದಾರಿಯನ್ನು ಆ ದಾರಿ ಗೊತ್ತಿರುವವನೇ ಓಡಿಸುತ್ತಾನೆ, ಖರ್ಚೂ ಅರ್ಧ.

ವಾಪಸ್ ಕೊಡುವಾಗ ನಿರೀಕ್ಷೆಯ ಪ್ರಕಾರ ಜಗಳ. ಟಾರ್ಚ್ ಹಿಡಿದು ಕೆಳಗೆ ಬಗ್ಗಿ, ಕಾಲಿಡುವ ಮೆಟ್ಟಿಲಿನ ತಳದಲ್ಲಿ ಗೀಚು ಇದೆ, ಆರು ಸಾವಿರ ಅಂದರು. ಹೊರಡುವ ದಿನವೇ ಗಾಡಿಯ ಕೆಳಗೆ ಫೋನ್ ತೂರಿಸಿ ವಿಡಿಯೊ ತೆಗೆದಿದ್ದೆ, ಅದೇ ಗೀಚು ಅದರಲ್ಲಿತ್ತು. ತೋರಿಸಿದ ಮೇಲೆ ಆರು ಸಾವಿರ ಬಿಟ್ಟರು, ತೊಳೆಯುವುದಕ್ಕೆ ಅಂತ ಎಂಟುನೂರು ಹಿಡಿದರು. ನಾಲ್ಕು ಬದಿ, ತಳ, ಚಕ್ರದ ಒಳಭಾಗ, ಸ್ಪೇರ್ ಚಕ್ರ, ಎಲ್ಲದರ ವಿಡಿಯೊ ಅವರ ಎದುರಿಗೇ ಮಾಡಿ, ಅಲ್ಲೇ ಅವರ ವಾಟ್ಸಾಪಿಗೆ ಕಳಿಸಿಬಿಡಿ. ಇನ್ನೊಂದು, ಗಾಡಿ ವಾಪಸ್ ಮಾಡುವ ಸಮಯವನ್ನು ಭಾನುವಾರ ರಾತ್ರಿಗೆ ಇಟ್ಟುಕೊಳ್ಳಬೇಡಿ. ನೆಲಮಂಗಲದಿಂದ ಒಳಗೆ ಬರುವುದಕ್ಕೇ ಎರಡು ಗಂಟೆ ಹಿಡಿಯುತ್ತದೆ, ತಡವಾದ ಪ್ರತಿ ಗಂಟೆಗೂ ದಂಡ ಹಾಕುತ್ತಾರೆ. ಸೋಮವಾರ ಮಧ್ಯಾಹ್ನ ಅಂತ ಬರೆಸಿ.